ಟೈಮಿಂಗ್ ರೊಟ್ಟಿ

ನಾನು ಏಳನೆಯ ಇಯತ್ತೆಯಲ್ಲಿದ್ದ ವರ್ಷ, ಕಾರಹುಣ್ಣಿಮೆಯ ಮರುದಿನ ಬೆಳಿಗ್ಗೆ, ಜಮಖಂಡಿಯ ನಮ್ಮ ಮನೆಯಲ್ಲಿ ಮುತ್ಯಾ ಕೈ ಎತ್ತಿ ‘ಸುಮ್ಮ’ ಎಂದ ಮೇಲೂ ನನ್ನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಇದು ಬರೆದಿಡುವಂಥ ಸಂಗತಿಯೇ ಎಂದು ಕೇಳುವವರಿಗೆ ಮೊದಲು ಆ ಮನೆ ಹೇಗಿತ್ತು ಎಂದು ಹೇಳಬೇಕು. ರಸ್ತೆಯ ಕಡೆಗಿನ ಅರ್ಧ ಗ್ಯಾರೇಜು, ಹಿಂದಿನ ಅರ್ಧ ಮನೆ. ಎರಡರ ನಡುವೆ ಒಂದು ಮಣ್ಣಿನ ಗೋಡೆ, ಅದರಲ್ಲಿ ಕಬ್ಬಿಣದ ಸರಳಿನ ಒಂದು ಕಿಟಕಿ. ಕಿಟಕಿಯ ಈಚೆ ಅಡುಗೆಮನೆ, ಆಚೆ ಗಾಡಿ ನಿಲ್ಲಿಸುವ ಜಾಗ. ಒಳಗೆ ಬಂದ ಕಾರಿನ ಮೂತಿ ಸರಿಯಾಗಿ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಿತ್ತು. ಒಲೆಯ ಹೊಗೆ ಆಚೆ ಹೋಗುತ್ತಿತ್ತು, ಪೆಟ್ರೋಲಿನ ವಾಸನೆ ಈಚೆ ಬರುತ್ತಿತ್ತು. ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಪೆಟ್ರೋಲಿನ ವಾಸನೆಯಿಲ್ಲದೆ ತಿಂದದ್ದು ನಾನು ಮೊದಲ ಬಾರಿ ಹಾಸ್ಟೆಲ್ಲಿನಲ್ಲಿ. ಅದು ನನಗೆ ರುಚಿಸಲಿಲ್ಲ. ಗ್ಯಾರೇಜು ಅಪ್ಪನ ಅಪ್ಪ, ಅಂದರೆ ಮುತ್ಯಾನದು. ಅಪ್ಪ ಮಲ್ಲಪ್ಪ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ. ಕಿಟಕಿಯ ಈಚೆಗೆ ಆಯಿ, ಅಂದರೆ ಮುತ್ಯಾನ ಹೆಂಡತಿ, ಮತ್ತು ಅವರ ಸೊಸೆಯಾದ ನನ್ನ ಅವ್ವ ಕಸ್ತೂರಿ.

ಮುತ್ಯಾನ ಹೆಸರು ನಿಂತದ್ದು ಅವನ ಕಿವಿಯ ಮೇಲೆ. ಎಂಜಿನ್ನಿನ ಒಳಗೆ ಪಿಸ್ಟನ್ನು ಮೇಲಿನ ತುದಿ ಮುಟ್ಟುವುದಕ್ಕಿಂತ ಒಂದು ಕ್ಷಣ ಮೊದಲು ಪೆಟ್ರೋಲಿಗೆ ಕಿಡಿ ಹತ್ತಬೇಕು. ಬಹಳ ಬೇಗ ಹತ್ತಿದರೆ ಎಂಜಿನ್ನು ಒಳಗಿನಿಂದ ಟಕಟಕ ಬಡಿಯುತ್ತದೆ, ತಡವಾದರೆ ಗಾಡಿ ಎಳೆಯುವುದಿಲ್ಲ. ಆ ಕ್ಷಣವನ್ನು ಗೊತ್ತು ಮಾಡುವ ಗುಂಡನೆಯ ಭಾಗಕ್ಕೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಡೆಲ್ಕೋ ಎನ್ನುತ್ತಿದ್ದರು. ಅದರ ಬೋಲ್ಟು ಸಡಿಲಿಸಿ, ಓಡುತ್ತಿರುವ ಎಂಜಿನ್ನಿನ ಮೇಲೆಯೇ ಡೆಲ್ಕೋವನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಬೇಕು. ಕಿಡಿ ಮುಂದಾದಂತೆ ಎಂಜಿನ್ನಿನ ದನಿ ಏರುತ್ತದೆ. ಅದು ತುದಿಗೆ ಏರಿದಲ್ಲಿಂದ ತುಸು ಹಿಂದೆ ತಂದು ಬೋಲ್ಟು ಬಿಗಿದರೆ ಟೈಮಿಂಗ್ ಕೂತಿತು. ಇದಕ್ಕೆಂದೇ ಬೆಳಕಿನ ಉಪಕರಣವೊಂದು ಇದೆ. ಮುತ್ಯಾ ಅದನ್ನು ಮುಟ್ಟಿದವನಲ್ಲ. ಅವನು ಕಣ್ಣು ಮುಚ್ಚಿ, ಕತ್ತು ವಾಲಿಸಿ, ಎರಡು ಬೆರಳಲ್ಲಿ ಡೆಲ್ಕೋ ಹಿಡಿದು ಕೇಳುತ್ತಿದ್ದ. ಮುಧೋಳದಿಂದ, ಬೀಳಗಿಯಿಂದ ಗಾಡಿಗಳು ಆ ಕಿವಿಯನ್ನು ಹುಡುಕಿಕೊಂಡು ಬರುತ್ತಿದ್ದವು.

ಮುತ್ಯಾ ಕೇಳುವಾಗ ಮನೆ ಸತ್ತಂತಿರಬೇಕಿತ್ತು. ಅವನು ಎಡಗೈ ಎತ್ತಿ ‘ಸುಮ್ಮ’ ಎಂದರೆ ಒಳಗೆ ರೇಡಿಯೊ ನಿಲ್ಲುತ್ತಿತ್ತು, ಒರಳು ನಿಲ್ಲುತ್ತಿತ್ತು, ನನ್ನ ಪುಟ್ಟ ತಮ್ಮ ಅಳುತ್ತಿದ್ದರೆ ಅವನ ಬಾಯಿಗೆ ಬೆಲ್ಲ ಬೀಳುತ್ತಿತ್ತು. ರೊಟ್ಟಿಯೂ ನಿಲ್ಲುತ್ತಿತ್ತು. ಬಳೆಯ ಸದ್ದೂ ಆಗಬಾರದೆಂದು ಆಯಿ ಸೊಸೆಗೆ ಕೈ ಎರಡೂ ತೊಡೆಯ ಮೇಲೆ ಇಟ್ಟುಕೊಳ್ಳುವುದನ್ನು ಕಲಿಸಿದ್ದಳು. ಜೋಳದ ರೊಟ್ಟಿ ಕಾಯುವ ವಸ್ತುವಲ್ಲ. ಕಲ್ಲಿನ ಮೇಲೆ ಅರ್ಧ ಬಡಿದದ್ದು ಅಂಚಿನಲ್ಲಿ ಬಿರಿಯುತ್ತಿತ್ತು, ಹಂಚಿನ ಮೇಲೆ ಇದ್ದದ್ದು ಒಂದೇ ಮೈಗೆ ಕರಕಾಗುತ್ತಿತ್ತು. ಅವಕ್ಕೆ ನಾನು ಟೈಮಿಂಗ್ ರೊಟ್ಟಿ ಎಂದು ಹೆಸರಿಟ್ಟಿದ್ದೆ. ಅವು ಗಂಡಸರ ತಾಟಿಗೆ ಹೋಗುತ್ತಿರಲಿಲ್ಲ, ಮಕ್ಕಳ ತಾಟಿಗೂ ಇಲ್ಲ. ಅವ್ವನ ತಾಟಿಗೆ ಹೋಗುತ್ತಿದ್ದವು. ಅವ್ವ ಮದುವೆಯಾಗಿ ಬರುವ ಮೊದಲು ಆಯಿಯ ತಾಟಿಗೆ ಹೋಗುತ್ತಿದ್ದವಂತೆ. ಇದನ್ನು ನಾನು ಕಂಡಿಲ್ಲ, ಆಯಿಯೇ ಹೇಳಿದ್ದು.

ಅವ್ವ ಬನಹಟ್ಟಿಯವಳು. ಅವಳ ತವರುಮನೆಯ ಪಡಸಾಲೆಯಲ್ಲಿ ವಿದ್ಯುತ್ ಮಗ್ಗಗಳು ಸಾಲಾಗಿ ನಿಂತಿದ್ದವು. ಕರೆಂಟು ಇರುವಷ್ಟು ಹೊತ್ತು ಆ ಓಣಿಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಹೋದಾಗ ನಾನೂ ಎರಡು ದಿನದಲ್ಲಿ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಯುತ್ತಿದ್ದೆ. ಊಟಕ್ಕೆ ಬಾ ಎನ್ನಲು ಹುಬ್ಬು ಸಾಕಿತ್ತು. ಆ ಮನೆಯ ಜಗಳಗಳೂ ಕೈಬಾಯಿಯ ಚಲನೆಯಲ್ಲೇ ಮುಗಿಯುತ್ತಿದ್ದವು. ಕರೆಂಟು ಹೋದಾಗ ಮಾತ್ರ ಉಳಿದದ್ದು ಗಟ್ಟಿಯಾಗಿ ಹೊರಬರುತ್ತಿತ್ತು. ಮಗ್ಗಕ್ಕೂ ಟೈಮಿಂಗ್ ಇರುತ್ತದೆ. ಎಳೆಗಳು ಬಾಯಿ ತೆರೆದ ಹೊತ್ತಿಗೇ ಲಾಳಿ ಹಾಯಬೇಕು. ಅವ್ವನ ಅಪ್ಪ ಚಕ್ರದ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಎಳೆದು, ಚಕ್ರವನ್ನು ಕೈಯಿಂದ ತಿರುಗಿಸಿ, ಗುರುತು ಎಲ್ಲಿ ಬಂದಾಗ ಲಾಳಿಗೆ ಪೆಟ್ಟು ಬೀಳುತ್ತದೆ ಎಂದು ನೋಡಿ ಸರಿಮಾಡುತ್ತಿದ್ದ. ಅಂಥ ಮನೆಯಿಂದ ಬಂದ ಅವ್ವನ ದನಿ ಸಹಜವಾಗಿಯೇ ದೊಡ್ಡದು. ಜಮಖಂಡಿಯಲ್ಲಿ ಅವಳಿಗೆ ಮೊದಲು ಹೇಳಿದ ಮಾತು ಮೆಲ್ಲಗೆ ಮಾತಾಡು ಎಂಬುದು. ಅವಳು ಒಮ್ಮೆ ಆಯಿಗೆ ಹೇಳಿದ್ದು ನನಗೆ ನೆನಪಿದೆ:

“ನಮ್ಮ ಮನ್ಯಾಗ ಮಗ್ಗ ಒದರತಿದ್ವು, ಮಂದಿ ರೊಟ್ಟಿ ಬಿಸಿ ಬಿಸಿ ತಿಂತಿದ್ರು. ಇಲ್ಲಿ ಮಂದಿ ಸುಮ್ಮ ಕುಂದರತಾರ, ರೊಟ್ಟಿ ಸುಡತಾವು.”

ಅವಳು ಕೇಳುತ್ತಿದ್ದದ್ದು ಅಷ್ಟೇ: ಶುರು ಮಾಡಿದ ರೊಟ್ಟಿಯನ್ನು ಮುಗಿಸುವುದು, ಮತ್ತು ತಾನೂ ಒಂದು ಸುಡದ ರೊಟ್ಟಿ ತಿನ್ನುವುದು.

ಬೀಳಗಿಯ ಡಾಕ್ಟರಬಾಯಿಯ ಕಾರು ಬಂದದ್ದು ಕಾರಹುಣ್ಣಿಮೆಗೆ ಸ್ವಲ್ಪ ಮೊದಲು. ಅವರು ತಾವೇ ಕಾರು ಓಡಿಸಿಕೊಂಡು ಹಳ್ಳಿಹಳ್ಳಿಗೆ ಹೆರಿಗೆಗೆ ಹೋಗುತ್ತಿದ್ದವರು. ಮನೆಯಲ್ಲಿ ಮರಾಠಿ, ದವಾಖಾನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕಾರು ಹೊಸ ತರಹದ್ದು. ಅದರಲ್ಲಿ ಕಾರ್ಬೊರೇಟರ್ ಇರಲಿಲ್ಲ. ಪೆಟ್ರೋಲನ್ನು ಅಳತೆ ಮಾಡಿ ಚಿಮುಕಿಸುವುದು, ಕಿಡಿಯನ್ನು ಹೊತ್ತಿಗೆ ತಕ್ಕಂತೆ ಹಿಂದೆ ಮುಂದೆ ಮಾಡುವುದು, ಎರಡನ್ನೂ ಡ್ಯಾಶ್‌ಬೋರ್ಡಿನ ಕೆಳಗಿನ ಒಂದು ಕಂಪ್ಯೂಟರ್ ಡಬ್ಬಿ ನೋಡಿಕೊಳ್ಳುತ್ತಿತ್ತು. ಆದರೆ ಡೆಲ್ಕೋ ಇನ್ನೂ ಇತ್ತು, ಅದಕ್ಕೆ ಬೋಲ್ಟೂ ಇತ್ತು. ಬೇರೆಲ್ಲೋ ಬೆಲ್ಟು ಬದಲಿಸಿದಾಗ ಡೆಲ್ಕೋ ಬಿಚ್ಚಿ ಕೂರಿಸಿದ್ದರು, ಅಂದಿನಿಂದ ಗಾಡಿ ಎಳೆಯುತ್ತಿರಲಿಲ್ಲ. ಮುತ್ಯಾ ಕೈ ಎತ್ತಿದ. ಮನೆ ಸುಮ್ಮನಾಯಿತು. ಅವನು ತಿರುಗಿಸಿದ, ಕೇಳಿದ, ಇನ್ನಷ್ಟು ತಿರುಗಿಸಿದ. ದನಿ ಏರಲಿಲ್ಲ. ಅವನು ಕಿಡಿಯನ್ನು ಮುಂದೆ ತಂದಷ್ಟೂ ಡಬ್ಬಿ ಗಾಳಿಯನ್ನು ಕಡಿಮೆ ಮಾಡಿ ಎಂಜಿನ್ನನ್ನು ಮೊದಲಿನ ವೇಗಕ್ಕೇ ಎಳೆದು ತರುತ್ತಿತ್ತು. ಇದು ನನಗೆ ಬಹಳ ವರ್ಷಗಳ ನಂತರ ಅರ್ಥವಾದದ್ದು. ಅಂದು ಮುತ್ಯಾನಿಗೆ ಕೇಳಿಸಿದ್ದು ಇಷ್ಟೇ, ಇನ್ನೂ ತುದಿ ಬಂದಿಲ್ಲ. ಆದ್ದರಿಂದ ಇನ್ನೂ ತಿರುಗಿಸಿದ. ಒಳಗೆ ಆ ದಿನ ಟೈಮಿಂಗ್ ರೊಟ್ಟಿಗಳು ಯಾವತ್ತಿಗಿಂತ ಹೆಚ್ಚು.

ಕಾರು ತಿರುಗಿ ಬಂತು. ಏರು ಹತ್ತುವಾಗ ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂತೆ ಸದ್ದು, ಜೊತೆಗೆ ಎಂಜಿನ್ನು ವಿಪರೀತ ಕಾಯುತ್ತಿತ್ತು. ಮುತ್ಯಾ ಮತ್ತೆ ಕೇಳಿದ, ಮತ್ತೆ ಬಿಗಿದ. ಕಾರು ಮತ್ತೆ ತಿರುಗಿ ಬಂತು, ಈ ಸಲ ಕಾರಹುಣ್ಣಿಮೆಯ ಮರುದಿನ, ಬೆಳಗಿನ ರೊಟ್ಟಿಯ ಹೊತ್ತಿಗೆ. ಡಾಕ್ಟರಬಾಯಿ ಗ್ಯಾರೇಜಿನ ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡರು.

“ಮಿಸ್ತ್ರಿ, ಗಾಡಿ ಆಮ್ಯಾಗ ನೋಡೂಣು. ಮೊದ್ಲ ನಿಮ್ಮ ಕಿವಿ ನನಗ ತೋರಸ್ರಿ.”

“ಬಾಯಾರ, ಕಿವಿ ಛಲೋ ಅದಾವ್ರಿ. ಗಾಡಿನ ಸುಳ್ಳ ಹೇಳಾಕತ್ತೈತಿ.”

ಮುತ್ಯಾ ಬಾನೆಟ್ಟು ಎತ್ತಿ, ಎಂಜಿನ್ನು ಚಾಲೂ ಮಾಡಿಸಿ, ಎಡಗೈ ಎತ್ತಿದ.

“ಸುಮ್ಮ.”

ಆಯಿ ಒರಳಿನ ಮುಂದೆ ಕೈ ಬಿಟ್ಟಳು. ನಾನು ಪಾಟಿಚೀಲ ಹೆಗಲಿಗೇರಿಸುತ್ತಿದ್ದವಳು ಹಾಗೇ ನಿಂತೆ. ಕಲ್ಲಿನ ಮೇಲೆ ರೊಟ್ಟಿ ಮಾತ್ರ ನಿಲ್ಲಲಿಲ್ಲ. ಪಟ ಪಟ ಪಟ. ಅವ್ವ ಅದನ್ನು ತಿರುಗಿಸುತ್ತ ಬಡಿದಳು, ಅಗಲ ಮಾಡಿದಳು, ಎತ್ತಿ ಹಂಚಿಗೆ ಹಾಕಿದಳು, ನೀರಿನ ಅರಿವೆ ಆಡಿಸಿದಳು, ಮತ್ತೊಂದು ಉಂಡೆ ತೆಗೆದುಕೊಂಡಳು.

“ಏ ಕಸ್ತೂರಿ, ಕೇಳಸಲಿಲ್ಲೇನ? ಕೈ ನಿಲ್ಲಸು,” ಎಂದು ಆಯಿ ಪಿಸುಗುಟ್ಟಿದಳು.

“ನಿಲ್ಲಸೂದಿಲ್ರಿ ಅತ್ತಿ.”

ಅವ್ವ ಪಿಸುಗುಟ್ಟಲಿಲ್ಲ. ಬನಹಟ್ಟಿಯ ದನಿಯಲ್ಲೇ ಹೇಳಿದಳು. ಮುತ್ಯಾ ಸರಳಿನ ಆಚೆಯಿಂದ ಒಳಗೆ ನೋಡಿದ. ಅವನು ಸೊಸೆಯೊಡನೆ ನೇರವಾಗಿ ಮಾತಾಡುತ್ತಿದ್ದದ್ದು ಕಡಿಮೆ.

“ಮಲ್ಲೂ, ನಿನ್ನ ಹೇಣ್ತಿಗೆ ಹೇಳು. ನನಗ ಕೇಳಸವಲ್ದು.”

ಅಪ್ಪ ಕೈಯಲ್ಲಿದ್ದ, ಬೋಲ್ಟು ತಿರುಗಿಸುವ ಪಾನಾವನ್ನು ಒರೆಸತೊಡಗಿದ. ಅದು ಆಗಲೇ ಸ್ವಚ್ಛವಾಗಿತ್ತು. ಉತ್ತರ ಅವ್ವನೇ ಕೊಟ್ಟಳು.

“ಮಾವಾರ, ಕೇಳಸಬಾರ್ದಂತನ ಬಡಿಯಾಕತ್ತೇನ್ರಿ. ಎರಡ ಸಲ ನಾವು ಸುಮ್ಮ ಕುಂತ್ವಿ, ನೀವು ಕೇಳಿದ್ರಿ. ಎರಡೂ ಸಲ ಬಾಯಾರ ಗಾಡಿ ತಿರಗಿ ಬಂತು. ನಮ್ಮ ಮನ್ಯಾಗ ಯಾರೂ ಕಿವಿಲೆ ಮಗ್ಗ ಹಚ್ಚಲಿಲ್ರಿ, ಗುರ್ತ ನೋಡಿ ಹಚ್ಚಿದ್ರು. ನೀವೂ ನೋಡಿ ಮಾಡ್ರಿ. ನನ್ನ ರೊಟ್ಟಿ ಯಾಕ ಸುಡಬೇಕು?”

ಡಾಕ್ಟರಬಾಯಿ ಜೋರಾಗಿ ನಕ್ಕರು. ನಗುತ್ತಲೇ, “ಕಸ್ತೂರೀ, ನನಗೂ ಒಂದ ಬಿಸಿ ರೊಟ್ಟಿ ಕೊಡವಾ. ಗಾಡಿ ಹೆಂಗೂ ಲಗೂನ ಆಗೂದಿಲ್ಲ,” ಎಂದರು. ಅವ್ವ ಸರಳಿನ ಸಂದಿಯಿಂದ ರೊಟ್ಟಿ ಮಡಿಚಿ, ಹಿಂಡಿ ಹಚ್ಚಿ ಕೊಟ್ಟಳು. ಎಂಜಿನ್ನು ಓಡುತ್ತಲೇ ಇತ್ತು. ಮುತ್ಯಾ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಆಗ ಅಪ್ಪ ಅಡುಗೆಮನೆಗೆ ಬಂದ. ಅವನು ಹಿಂದೆ ಒಮ್ಮೆ ಹುಬ್ಬಳ್ಳಿಗೆ ಹೋಗಿ, ಗ್ಯಾರೇಜಿನವರಿಗಾಗಿ ಈ ಹೊಸ ಎಂಜಿನ್ನುಗಳ ಬಗ್ಗೆ ನಡೆಸಿದ ತರಬೇತಿಯಲ್ಲಿ ಕುಳಿತು ಬಂದಿದ್ದ. ಬರುವಾಗ ಪಿಸ್ತೂಲಿನ ಆಕಾರದ ಒಂದು ಟೈಮಿಂಗ್ ಲೈಟು ತಂದಿದ್ದ. ‘ಅದು ಕಿವುಡರಿಗೆ’ ಎಂದು ಮುತ್ಯಾ ಒಂದೇ ಮಾತು ಹೇಳಿದ್ದ. ಲೈಟು ಅಡುಗೆಮನೆಯ ಅಟ್ಟಕ್ಕೆ, ಉಪ್ಪಿನಕಾಯಿ ಭರಣಿಗಳ ಹಿಂದಕ್ಕೆ ಹೋಗಿತ್ತು. ಅಪ್ಪ ಅಟ್ಟ ನೋಡಿದ. ಅವ್ವ ಬಡಿಯುತ್ತಲೇ ಗದ್ದದಿಂದ ಎಡಗಡೆಯ ಭರಣಿಯನ್ನು ತೋರಿಸಿದಳು. ಬನಹಟ್ಟಿಯ ಭಾಷೆ ಅದು. ಅಪ್ಪನಿಗೂ ಇಷ್ಟು ವರ್ಷಗಳಲ್ಲಿ ಬರುತ್ತಿತ್ತು. ಅವನು ಲೈಟು ಇಳಿಸಿಕೊಂಡು ಹೊರಗೆ ಹೋದ ಮೇಲೆ ಆಯಿಯ ಬಾಯಿ ಬಿಚ್ಚಿತು.

“ನಾ ತಿಂದೇನಿ ಸುಟ್ಟ ರೊಟ್ಟಿ, ನೀ ಬರೂತನಾ ತಿಂದೇನಿ. ನಿನಗೇನ ಬಂದೈತಿ ಧಾಡಿ?”

“ನೀವು ತಿಂದ್ರಿ ಅಂತನ ನಾ ತಿನ್ನೂದಿಲ್ರಿ. ಇಲ್ಲಾಂದ್ರ ನಾಳೆ ವಿಜಿ ತಿಂತಾಳ, ಆಕಿಗಿ ನಾನೂ ಇದನ್ನ ಹೇಳತೇನಿ, ನಾ ತಿಂದೇನಿ ಅಂತ.”

ವಿಜಿ ಎಂದರೆ ನಾನು. ಆಯಿ ನನ್ನ ಕಡೆ ನೋಡಿದಳು.

ಹೊರಗೆ ಅಪ್ಪ ಲೈಟಿನ ಎರಡು ವಾಯರುಗಳನ್ನು ಬ್ಯಾಟರಿಗೆ ಸಿಕ್ಕಿಸಿ, ಚಿಮಟಿಗೆಯಂಥದ್ದನ್ನು ಒಂದನೆಯ ಪ್ಲಗ್ಗಿನ ವಾಯರಿಗೆ ಹಾಕಿದ. ಆ ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಲೈಟು ಮಿಂಚಬೇಕು. ಆ ಮಿಂಚಿನಲ್ಲಿ, ಎಂಜಿನ್ನಿನೊಡನೆ ತಿರುಗುವ ಪುಲ್ಲಿಯ ಮೇಲಿನ ಗೆರೆ, ಪಕ್ಕದ ಅಳತೆಯ ಗುರುತುಗಳ ಎದುರು ನಿಂತಂತೆ ಕಾಣಬೇಕು. ಆದರೆ ಗೆರೆಗೆ ಎಣ್ಣೆ, ಮಣ್ಣು ಮೆತ್ತಿ ಏನೂ ಕಾಣಲಿಲ್ಲ. ಎಂಜಿನ್ನು ಬಂದ್ ಮಾಡಿ ಅಪ್ಪ ಅದನ್ನು ಒರೆಸಿದ. ಬಿಳಿ ಏನಾದರೂ ಬೇಕಿತ್ತು. ನಾನು ನನ್ನ ಚೀಲದಲ್ಲಿ ಸೀಮೆಸುಣ್ಣ ಹುಡುಕುತ್ತಿದ್ದಾಗ ಆಯಿ ಎದ್ದಳು. ಸೊಂಟದ ಎಲೆಚೀಲ ಬಿಚ್ಚಿ, ಸುಣ್ಣದ ಡಬ್ಬಿ ತೆಗೆದು, ಸರಳಿನ ಆಚೆ ಕೈ ಚಾಚಿದಳು.

“ತಗೋ ಮಲ್ಲೂ.”

“ನೀನೂ?” ಎಂದ ಮುತ್ಯಾ.

“ಹೂಂ, ನಾನೂ,” ಎಂದಳು ಆಯಿ.

ಅಪ್ಪ ಕಿರುಬೆರಳಿನಿಂದ ಗೆರೆಗೆ ಸುಣ್ಣ ಹಚ್ಚಿದ. ಎಂಜಿನ್ನು ಚಾಲೂ ಆಯಿತು, ಲೈಟು ಮಿಂಚತೊಡಗಿತು. ಬಿಳಿ ಗೆರೆ ಕಂಡಿತು, ಆದರೆ ನಿಲ್ಲಲಿಲ್ಲ. ಆಚೆ ಸರಿಯಿತು, ಈಚೆ ಸರಿಯಿತು. ಮುತ್ಯಾ ಕೈ ಇಳಿಸಿ ಸೊಂಟದ ಮೇಲೆ ಇಟ್ಟುಕೊಂಡ.

“ನೋಡಿದೇನಲೇ? ನಿನ್ನ ಲೈಟಿಗೂ ಗೊತ್ತಿಲ್ಲ.”

“ಡಬ್ಬಿ ಕೈ ಹಾಕಾಕತ್ತೈತಿ ಅಪ್ಪಾ. ಅದರ ಕೈ ಕಟ್ಟಬೇಕು,” ಎಂದ ಅಪ್ಪ. ಆ ಬೆಳಿಗ್ಗೆ ಅವನು ಆಡಿದ ಮೊದಲ ಮಾತು ಅದು. ಪರೀಕ್ಷೆಗೆಂದೇ ಕಾರಿನಲ್ಲಿ ಒಂದು ಸಣ್ಣ ಸಾಕೆಟ್ಟು ಇರುತ್ತದೆ. ಅದರ ಎರಡು ತೂತುಗಳಿಗೆ ಅಪ್ಪ ತುಂಡು ವಾಯರು ಸಿಕ್ಕಿಸಿದ. ಹಾಗೆ ಮಾಡಿದರೆ ಕಂಪ್ಯೂಟರು ಕಿಡಿಯನ್ನು ಹಿಂದೆ ಮುಂದೆ ಸರಿಸುವುದನ್ನು ಬಿಟ್ಟು, ಡೆಲ್ಕೋ ಕೂತ ಜಾಗದಲ್ಲೇ ಬಿಡುತ್ತದೆ. ಬಿಳಿ ಗೆರೆ ತಟ್ಟನೆ ನಿಂತಿತು. ಅಪ್ಪ ಬಗ್ಗಿ ನೋಡಿ, “ಭಾಳ ಮುಂದ ಹೋಗೇತಿ,” ಎಂದ. ಮುತ್ಯಾ ಒಪ್ಪಲಿಲ್ಲ. ಅವನ ಕಣ್ಣಿಗೆ ಅಷ್ಟು ಸಣ್ಣದು ಕಾಣುತ್ತಿರಲಿಲ್ಲ. ಅವನು ಕಿಟಕಿಯ ಕಡೆ ತಿರುಗಿದ.

“ವಿಜಿ, ಬಾ ಇಲ್ಲಿ. ನಿಮ್ಮಪ್ಪ ನಿಮ್ಮವ್ವನ ಕಡೆ ಆಗ್ಯಾನ. ನೀ ನನ್ನ ಮೊಮ್ಮಗಳು. ನೋಡಿ ಖರೆ ಹೇಳು.”

ಗ್ಯಾರೇಜಿನ ಗಾಡಿಯ ಮೇಲೆ ನಾನು ಬಗ್ಗಿ ನೋಡಿದ್ದು ಅದೇ ಮೊದಲು. ಬಿಳಿ ಗೆರೆ ಇರಬೇಕಾದ ಗುರುತನ್ನು ಬಿಟ್ಟು, ಅಳತೆಯ ಪಟ್ಟಿಯನ್ನೇ ದಾಟಿ ನಿಂತಿತ್ತು. ಮುತ್ಯಾನಿಗೆ ಯಾವ ಉತ್ತರ ಬೇಕಿತ್ತು ಎಂದು ನನಗೆ ಗೊತ್ತಿತ್ತು. ನನಗೆ ಬೆಲ್ಲ ಕೊಡುವವನು, ಸಾಲೆಯವರೆಗೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುವವನು ಅವನು. ಹಿಂದೆ ರೊಟ್ಟಿಯ ಸದ್ದು ಒಂದೇ ಸಮನೆ ಬರುತ್ತಿತ್ತು.

“ಪಟ್ಟಿ ದಾಟಿ ಹೋಗೇತಿ ಮುತ್ಯಾ. ಅಪ್ಪ ಹೇಳಿದ್ದು ಖರೆ ಐತಿ.”

ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿದಾಗ, ದೊಡ್ಡವರ ಬಾಯಿಂದ ಬಂದದ್ದನ್ನು ಹಾಗೇ ಬರೆ ಎಂದು ಹೇಳಿದವರಿಗೆ ನಾನು ‘ಕಣ್ಣಾರೆ ನೋಡಿದವರು ಯಾರು?’ ಎಂದು ಕೇಳಿದ್ದೇನೆ. ಅದಕ್ಕಾಗಿ ಒಮ್ಮೆ ನನ್ನನ್ನು ಮೂಲೆಯ ಮೇಜಿಗೆ ಹಾಕಿದರು. ಆ ಮೇಜಿನಿಂದಲೂ ಅದನ್ನೇ ಕೇಳಿದೆ.

ಮುತ್ಯಾ ಡೆಲ್ಕೋದ ಮೇಲಿದ್ದ ಅಪ್ಪನ ಕೈ ಸರಿಸಿ ತಾನೇ ಹಿಡಿದ. “ನೀ ಲೈಟ ಹಿಡಿ. ಬಂದಾಗ ಹೇಳು,” ಎಂದ. ಈ ಸಲ ಕಣ್ಣು ಮುಚ್ಚಲಿಲ್ಲ. ಎರಡು ಬೆರಳಲ್ಲಿ, ಕೂದಲೆಳೆಯಷ್ಟು, ಹಿಂದಕ್ಕೆ. ಗೆರೆ ತೆವಳುತ್ತ ಬಂದು ಗುರುತಿನ ಎದುರು ನಿಂತಿತು. “ಸಾಕು,” ಎಂದ ಅಪ್ಪ. ಬೋಲ್ಟು ಬಿಗಿದರು, ಬಿಗಿದ ಮೇಲೆ ಇನ್ನೊಮ್ಮೆ ನೋಡಿದರು, ವಾಯರು ತೆಗೆದರು. ಡಾಕ್ಟರಬಾಯಿ ಮುತ್ಯಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಮತೀರ್ಥದ ಏರು ಹತ್ತಿಸಿಕೊಂಡು ಬಂದರು. ಗೋಲಿಯ ಸದ್ದು ಇರಲಿಲ್ಲ ಎಂದು ಅವರೇ ಹೇಳಿದರು. ಆ ಕಾರು ಟೈಮಿಂಗಿಗಾಗಿ ಮತ್ತೆ ತಿರುಗಿ ಬರಲಿಲ್ಲ.

ಆ ಮಧ್ಯಾಹ್ನ ಮುತ್ಯಾ ಅವ್ವನ ಕೈಯ ರೊಟ್ಟಿ ಮುಟ್ಟಲಿಲ್ಲ. ಗ್ಯಾರೇಜಿನಲ್ಲೇ ಕುಳಿತು ಚುರಮುರಿ ತಿಂದ. ಮರುದಿನವೂ, ಅದರ ಮರುದಿನವೂ. ಅವ್ವ ದಿನಾ ತಾಟು ಬಡಿಸಿ, ಮುಚ್ಚಿ, ಅವನ ಜಾಗದ ಮುಂದೆ ಇಟ್ಟಳು. ಕ್ಷಮಿಸಿರಿ ಎನ್ನಲಿಲ್ಲ. ಓಣಿಯ ಹೆಂಗಸರು ಬಂದು, ಹಿರಿಯ ಜೀವ ಉಪವಾಸ ಕೂತಿದೆ, ಒಂದು ಮಾತು ಸೋತರೆ ಏನಾಗುತ್ತದೆ ಎಂದರು. ಅವ್ವ ಅವರಿಗೂ ಜೋರು ದನಿಯಲ್ಲೇ ಹೇಳಿದಳು:

“ಸೋಲಾಕ ನಾ ಏನ್ ಆಟ ಆಡೇನೇನ್ರಿ? ರೊಟ್ಟಿ ಮಾಡೇನಿ.”

ಮೊದಲ ದಿನವೇ ನಾನು ಅವಳ ತಾಟು ನೋಡಿದೆ. ಅದರಲ್ಲಿದ್ದದ್ದು ತೆಳ್ಳಗಿನ, ಉಬ್ಬಿದ, ಎಲ್ಲಿಯೂ ಸುಡದ ಒಂದು ರೊಟ್ಟಿ. ಅವಳು ಅದನ್ನು ಮುರಿದು, ಎಣ್ಣೆ ಹಾಕಿದ ಹಿಂಡಿ ಹಚ್ಚಿಕೊಂಡು, ಗೋಡೆಗೆ ಒರಗಿ ನಿಧಾನವಾಗಿ ತಿಂದಳು. ಆಯಿ ಎದುರಿಗೆ ಕುಳಿತು ಅಂಥದ್ದೇ ಒಂದನ್ನು ತಿಂದಳು.

ಚುರಮುರಿಯ ದಿನಗಳು ಒಂದು ಬೆಳಿಗ್ಗೆ ತಾವಾಗಿಯೇ ಮುಗಿದವು. ಹಳೆಯ ಕಾರ್ಬೊರೇಟರ್ ಗಾಡಿಯೊಂದು ಬಂದಿತ್ತು, ಕಿವಿಗೆ ಇನ್ನೂ ಕೆಲಸವಿದ್ದ ಗಾಡಿ. ಮುತ್ಯಾ ಬಾನೆಟ್ಟು ಎತ್ತಿ ನಿಂತ. ಕೈ ಎತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತು, ಕಿಟಕಿಯ ಕಡೆ ನೋಡದೆ ಕೇಳಿದ:

“ಆತೇನಬೇ ನಿಂದು?”

“ಇನ್ನೂ ನಾಕ ಅದಾವ್ರಿ ಮಾವಾರ.”

“ಲಗೂ ಮಾಡು.”

“ಲಗೂ ಮಾಡಿದ್ರ ದಪ್ಪ ಆಗ್ತಾವ್ರಿ.”

ಮುತ್ಯಾ ಬೀಡಿ ಹಚ್ಚಿದ. ಗಾಡಿಯ ಮಾಲೀಕನೂ ಕುಳಿತ. ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಅವ್ವ ಕಿಟಕಿಯಿಂದ, “ಆತ್ರಿ,” ಎಂದಳು. ಅದಾದ ಮೇಲೆ ಮುತ್ಯಾ ಎದ್ದ. ಅವನು ಇರುವವರೆಗೆ ನಮ್ಮ ಗ್ಯಾರೇಜಿನಲ್ಲಿ ಕೇಳಿ ಮಾಡುವ ಟೈಮಿಂಗ್ ರೊಟ್ಟಿಯ ನಂತರವೇ ಆಯಿತು, ಲೈಟು ನೋಡಿ ಮಾಡುವ ಹೊಸ ಗಾಡಿಗಳದ್ದು ಯಾವ ಹೊತ್ತಿಗಾದರೂ.

ಮುತ್ಯಾ, ಆಯಿ ಇಬ್ಬರೂ ಈಗಿಲ್ಲ. ಅಪ್ಪ ಬೆಳಿಗ್ಗೆ ಪೇಪರು ಓದುತ್ತಾನೆ, ನಾನು ಬರೆದದ್ದರಲ್ಲಿ ತಪ್ಪು ಸಿಕ್ಕರೆ ಫೋನು ಮಾಡುತ್ತಾನೆ. ಗ್ಯಾರೇಜನ್ನು ತಮ್ಮ ನಡೆಸುತ್ತಾನೆ. ಈಗ ಬರುವ ಕಾರುಗಳಲ್ಲಿ ಡೆಲ್ಕೋ ಇಲ್ಲ, ಸಡಿಲಿಸುವ ಬೋಲ್ಟಿಲ್ಲ. ಟೈಮಿಂಗನ್ನು ಪೂರ್ತಿ ಕಂಪ್ಯೂಟರೇ ನೋಡಿಕೊಳ್ಳುತ್ತದೆ, ತಮ್ಮ ಅದನ್ನು ಸ್ಕ್ಯಾನರಿನ ಪರದೆಯಲ್ಲಿ ಓದುತ್ತಾನೆ. ಲೈಟು ಅಟ್ಟಕ್ಕೆ ಹಿಂತಿರುಗಲಿಲ್ಲ, ಕಿಟಕಿಯ ಪಕ್ಕದ ಮೊಳೆಗೆ ತೂಗುಬಿದ್ದಿದೆ. ಗೋಡೆಗೆ ಸಿಮೆಂಟು ಬಂದಿದೆ, ಕಿಟಕಿಯ ಸರಳು ಅವೇ.

ನಿನ್ನೆ ಬೆಳಿಗ್ಗೆ, ನಾನು ಬರೆಯುತ್ತಿರುವ ನೆನಪುಗಳ ಈ ಅಧ್ಯಾಯಕ್ಕಾಗಿ ಒಂದು ವಿವರ ಕೇಳಲು ಮನೆಗೆ ಫೋನು ಮಾಡಿದೆ. ಅವ್ವ ಎತ್ತಿ, ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟಳು. ಹಿಂದೆ ಪಟ ಪಟ ಸದ್ದು ಬರುತ್ತಿತ್ತು, ಅವಳ ಮಾತು ಸರಿಯಾಗಿ ಕೇಳಿಸಲಿಲ್ಲ. ಒಂದು ನಿಮಿಷ ಬಡಿಯೂದು ನಿಲ್ಲಸು ಎಂದೆ.

“ನೀನ ಜೋರಾಗಿ ಮಾತಾಡು,” ಎಂದಳು. ಸದ್ದು ನಿಲ್ಲಲಿಲ್ಲ.